ರೈಫಲ್ಲಿಗೆ ಅಕ್ಕ ಉಡಿ ತುಂಬಿದ್ದು

ಎರಡು ಲಕ್ಷ ಮೂವತ್ತು ಸಾವಿರ. ನನ್ನ ರೈಫಲ್ಲಿಗೆ ನಾನು ಕೊಟ್ಟ ಬೆಲೆ ಇದು. ಲಿಂಗಸುಗೂರಿನ ಗೌಡರು ಕೇಳಿದ್ದು ಮೂರು ಲಕ್ಷ. ಅವರ ಮನೆ ಕಟ್ಟೆಯ ಮೇಲೆ ಎಷ್ಟೋ ಸಲ ಚಹಾ ಕುಡಿದು, ಪ್ರತಿ ಸಲವೂ ಎದ್ದು ಹೊರಟಂತೆ ಮಾಡಿ ಇಳಿಸಿದ ರೇಟು. ಅಗ್ಗಕ್ಕೆ ಹೊಡೆದೆ ಎಂದು ಬೀಗಿದ್ದೆ.

ಈ ದಸರಾದಲ್ಲಿ ಅದು ಉಳಿದ ಬೆಲೆ ಕೇಳಿತು. ನನ್ನ ಅಕ್ಕನನ್ನು ಕೇಳಿತು.

ಯಾಕೆ ಕೊಂಡೆ ಅಂತೀರಾ? ಕಾಡುಹಂದಿ ಹೊಡೆಯಲಿಕ್ಕೆ ಎಂದು ಊರು ತಿಳಿದಿದೆ. (ಪರವಾನಗಿ ಇಲ್ಲದೆ ಹೊಡೆಯಲು ಹೋದರೆ ಹಂದಿ ಗದ್ದೆಯಿಂದ ಹೊರಗೆ ಹೋಗುತ್ತದೆ, ನೀವು ಒಳಗೆ ಹೋಗುತ್ತೀರಿ. ನೆನಪಿರಲಿ.) ನಿಜವಾದ ಕಾರಣ ಬೇರೆ. ಸಿಂಧನೂರಿನ ರೈಸ್ ಮಿಲ್ಲುಗಳ ಮುಂದೆ ಹರಿದ ಗೋಣಿಚೀಲ ಹೊಲಿಯುತ್ತ ಕೂತಿದ್ದ ಕಾಲದಲ್ಲಿ, ಬಂದೂಕಿದ್ದ ಮನೆಯವರು ಜೀಪಿನಿಂದ ಇಳಿದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ನಾನೂ ನಿಂತಿದ್ದೇನೆ. ಹಾಗೆ ನಿಂತ ಕಾಲುಗಳಿಗೆ ನಾನು ಕೊಡಿಸಿದ ಸಮಾಧಾನ ಈ ರೈಫಲ್.

ಲೈಸೆನ್ಸ್, ಪೊಲೀಸ್ ವಿಚಾರಣೆ ಎಲ್ಲ ಮುಗಿಸಿ ಕೈಗೆ ಬಂದ ಮೇಲೆ ಮಾತ್ರ ಕಥೆ ಬೇರೆಯಾಯಿತು. ಭಾನುವಾರ ಕ್ಲಬ್ಬಿನ ರೇಂಜಿಗೆ ಹೋಗುತ್ತೇನೆ. ಚಾಪೆ ಹಾಸಿ, ಹೊಟ್ಟೆಯ ಮೇಲೆ ಮಲಗಿ, ಅರ್ಧ ಉಸಿರು ಬಿಟ್ಟು ಉಳಿದರ್ಧ ಹಿಡಿದು, ದೂರದ ಕರಿ ಬೊಟ್ಟನ್ನು ನೋಡುತ್ತೇನೆ. ಪಾಯಿಂಟ್ ಟೂ ಟೂ, ಸಣ್ಣ ಗುಂಡಿನ ಜಾತಿ. ದೊಡ್ಡ ಸದ್ದಿಲ್ಲ, ಭುಜಕ್ಕೆ ಒದೆಯಿಲ್ಲ. ಒಂದು ಗುಂಡು ಹಾರಿದರೆ ಗುಂಡಿನ ಮನೆ ಮುಚ್ಚುವ ಬೋಲ್ಟಿನ ಹಿಡಿ ಎತ್ತಬೇಕು, ಹಿಂದಕ್ಕೆ ಎಳೆಯಬೇಕು, ಇನ್ನೊಂದು ಗುಂಡು ಇಟ್ಟು ಮುಂದಕ್ಕೆ ತಳ್ಳಿ ಮುಚ್ಚಬೇಕು. ಅವಸರದವನಿಗೆ ಈ ಆಟ ಒಲಿಯುವುದಿಲ್ಲ. ದಿನವಿಡೀ ಬಾಯಿ ಮಾಡಿ ಹಳೇ ಚೀಲದ ವ್ಯಾಪಾರ ಮಾಡುವ ನನಗೆ ವಾರದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವ ಜಾಗ ಅದೊಂದೇ.

ಮಾರುವ ದಿನ ಗೌಡರು ಒಂದು ಮಾತು ಹೇಳಿದ್ದರು. “ಖಾಲಿ ಇದ್ದಾಗ ಘೋಡಾ ಎಳೀಬ್ಯಾಡ್ರಿ ಶರಣಪ್ಪ. ಇದು ಗುಂಡಿನ ಅಂಚಿಗೆ ಬಡಿಯೋ ಜಾತಿ. ಗುಂಡ ಇರ್ಲಿಲ್ಲಂದ್ರ ಒಳಗಿನ ಸೂಜಿ ಹೋಗಿ ನಳಿಗಿ ಅಂಚಿಗೇ ಬಡೀತೈತಿ. ಅದು ಕೆಟ್ಟರ ನಾಳೆ ನಿಮಗ ಅರ್ಧಾ ರೇಟೂ ಬರಂಗಿಲ್ಲ ನೋಡ್ರಿ.”

ಘೋಡಾ ಎಂದರೆ ಟ್ರಿಗರ್. ಅವರು ಹೇಳಿದ ಬೇರೆ ಉಪದೇಶಗಳೆಲ್ಲ ಮರೆತುಹೋದವು. ‘ಅರ್ಧಾ ರೇಟು’ ಮಾತ್ರ ಎದೆಗೆ ಅಂಟಿತು. ಅಂದಿನಿಂದ ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಕೊಳವೆಯೊಂದು ನನ್ನ ಜೇಬಿನಲ್ಲೇ ಇರುತ್ತದೆ. ಟ್ರಿಗರ್ ಎಳೆದು ನೋಡಬೇಕೆಂದರೆ ಮೊದಲು ಅದನ್ನು ಒಳಗಿಡುತ್ತೇನೆ. ಸೂಜಿ ಅದಕ್ಕೆ ಬಡಿಯುತ್ತದೆ, ನಳಿಗೆಯ ಅಂಚು ಉಳಿಯುತ್ತದೆ.

ಈಗ ಅಕ್ಕನ ವಿಷಯ. ಅವ್ವ ಸತ್ತ ಮೇಲೆ ನನ್ನನ್ನು ಬೆಳೆಸಿದವಳು. ಜವಳಗೇರಾದ ಗದ್ದೆಗಳಲ್ಲಿ ನಾಟಿ ಮಾಡಿ ಬಂದ ಕೈಯಿಂದಲೇ ನನಗೆ ರೊಟ್ಟಿ ಬಡಿದು ಹಾಕಿದವಳು. ಕೊಟ್ಟದ್ದು ಮಸ್ಕಿಗೆ. ಪ್ರತಿ ಮಹಾನವಮಿಗೆ ಭಾವನೊಂದಿಗೆ ಬಂದು ನಮ್ಮ ಮನೆಯ ಆಯುಧ ಪೂಜೆ ಅವಳೇ ಮಾಡುತ್ತಾಳೆ. ವಿಭೂತಿ ಹಚ್ಚಿಕೊಂಡು ಅವಳು ಪೂಜೆಗೆ ಕೂತರೆ ನಮ್ಮ ಮನೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ.

ಈ ಸಲ ಮಣೆಯ ಮೇಲೆ ತಕ್ಕಡಿ, ಚೀಲ ಹೊಲಿಯುವ ಮಷೀನು, ಅವುಗಳ ನಡುವೆ ರೈಫಲ್. ಕ್ಲಬ್ಬಿನ ನಿಯಮದಂತೆ ಬೋಲ್ಟ್ ತೆರೆದು, ಒಳಗೆ ಏನೂ ಇಲ್ಲವೆಂದು ನೋಡಿಯೇ ಇಟ್ಟಿದ್ದೆ. ಪಕ್ಕದಲ್ಲಿ ಗುಂಡಿನ ಡಬ್ಬಿ. (ಅದನ್ನು ಯಾಕೆ ಇಟ್ಟೆ? ಆಯುಧಕ್ಕೆ ಪೂಜೆಯಾದರೆ ಅದರ ಗುಂಡಿಗೂ ಆಗಲಿ ಅಂತ. ನಮ್ಮ ಭಕ್ತಿಗೂ ಒಂದು ಲೆಕ್ಕ ಇರುತ್ತದಲ್ಲ.) ಪೂಜೆಯ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಅಕ್ಕನ ಕೈಗೆ ಕೊಟ್ಟು, ಅಂಗಡಿಯ ಪೂಜೆಗೆ ಹೊರಟುಹೋದೆ.

ಮರುದಿನ ಬನ್ನಿ ಹಬ್ಬ. ಬನ್ನಿ ಎಲೆ ಕೊಟ್ಟು, ತಗೊಂಡು, ಬಂಗಾರದಂಗ ಇರೋಣು ಎಂದು ದೊಡ್ಡವರ ಕಾಲಿಗೆ ನಮಸ್ಕಾರ ಮಾಡಿ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು. ಭಾವನಿಗೆ ನನ್ನನ್ನು ಕೆಣಕದೆ ಚಹಾ ಇಳಿಯುವುದಿಲ್ಲ.

“ಏನಪಾ ಶರಣಪ್ಪ, ಎರಡು ಲಕ್ಷದ ಬಡಿಗಿ ತಗೊಂಡೀಯಂತ. ಐತವಾರ ಕ್ಲಬ್ಬಿಗೆ ಹೋಗಿ ಚಾಪಿ ಹಾಸ್ಕೊಂಡು ಮಲಗಿ ಬರ್ತೀಯಂತ. ಮಲಗಾಕ ಅಷ್ಟು ದೂರ ಯಾಕ ಹೋಗ್ಬೇಕೋ?”

ನಗು. ನಾನು ಒಳಗೆ ಹೋಗಿ ರೈಫಲ್ ತಂದೆ. ಚೆಂಡುಹೂವಿನ ಹಾರ ತೆಗೆದಾಗ ಬೋಲ್ಟ್ ಮುಚ್ಚಿದ್ದು ಕಂಡಿತು. ಒರೆಸುವಾಗ ಅಕ್ಕ ಮುಚ್ಚಿರಬೇಕು ಅಂದುಕೊಂಡೆ.

ಅಂದುಕೊಂಡೆ! ನನ್ನ ಕಸುಬೇ ಖಾಲಿ ಚೀಲದ್ದು. ಖಾಲಿ ಐತಿ ಎಂದು ಮಾರುವವನು ಬಾಯಿ ತುಂಬ ಹೇಳಿದರೂ ನಾನು ಪ್ರತಿ ಚೀಲವನ್ನು ತಲೆಕೆಳಗು ಮಾಡಿ ಝಾಡಿಸದೆ ತೆಗೆದುಕೊಂಡವನಲ್ಲ. ಚೀಲದೊಳಗೆ ಚೇಳು ನೋಡಿದ್ದೇನೆ, ತೂಕಕ್ಕೆಂದು ಹಾಕಿದ ಕಲ್ಲು ನೋಡಿದ್ದೇನೆ. ಅಂಥವನು ಅವತ್ತು ನೋಡಲಿಲ್ಲ.

“ಖಾಲಿ ಐತ್ರಿ ಭಾವ, ಅಂಜಬ್ಯಾಡ್ರಿ” ಎಂದು ನಾನೇ ಹೇಳಿದೆ. ಹೇಗೆ ನಿಲ್ಲಬೇಕು, ಹೇಗೆ ಗುರಿ ಹಿಡಿಯಬೇಕು ಎಂದು ತೋರಿಸಲು ಎದುರು ಗೋಡೆಯ ಕ್ಯಾಲೆಂಡರಿನತ್ತ ಎತ್ತಿದೆ. ಅಷ್ಟರಲ್ಲಿ ಅಕ್ಕ ಚಹಾದ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದು ಅದೇ ಕ್ಯಾಲೆಂಡರಿನ ಮುಂದೆ, ನಳಿಗೆಗೆ ಎದುರಾಗಿ ನಿಂತಳು.

“ಹಬ್ಬದ ದಿನ ಅದನ್ಯಾಕ ಹಿಡ್ಕೊಂಡು ನಿಂತೀಯೋ ತಮ್ಮಾ, ಚಾ ಆರತೈತಿ.”

“ಏ ತಡೀ ನೀ” ಅಂದ ಭಾವ. “ಶರಣಪ್ಪ, ಅದರ ಟಕ್ ಅನ್ನೋ ಸಪ್ಪಳ ಒಂದ ಸಲ ಕೇಳಸು.”

“ಖಾಲಿ ಎಳದ್ರ ಕೆಡತೈತ್ರಿ.”

“ಗಾಳಿ ಹಾರಸಾಕೂ ರೊಕ್ಕದ ಲೆಕ್ಕ ಹಾಕ್ತೀಯಲ್ಲೋ ಜಿಪುಣ್ಯಾ! ಹಿಂಗ ಆದ್ರ ನೀ ಉಸರಾದ್ರೂ ಹೆಂಗ ಬಿಡ್ತೀ?”

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನನ್ನ ಬೆರಳು ಟ್ರಿಗರಿನ ಮೇಲೇ ಇತ್ತು. ಮಾನ ಹೋಗುವ ಹೊತ್ತಿನಲ್ಲಿ ಗಂಡಸರು ಏನು ಮಾಡುತ್ತಾರೆ ಎಂದು ನಿಮಗೆ ಗೊತ್ತಲ್ಲ? ಆದರೆ ಅರ್ಧಾ ರೇಟು ನೆನಪಾಯಿತು. ರೈಫಲ್ ಇಳಿಸಿದೆ. ಜೇಬಿನ ಖಾಲಿ ಕೊಳವೆ ಒಳಗಿಡೋಣವೆಂದು ಬೋಲ್ಟ್ ಹಿಂದಕ್ಕೆ ಎಳೆದೆ.

ಒಳಗಿನಿಂದ ಗುಂಡೊಂದು ಚಿಮ್ಮಿ ಕೆಳಗೆ ಬಿತ್ತು. ಹೊಸ ಗುಂಡು, ಹಣೆಗೆ ಕುಂಕುಮ ಹಚ್ಚಿಕೊಂಡದ್ದು. ಬಂಡೆಗಲ್ಲಿನ ನೆಲದ ಮೇಲೆ ಉರುಳುತ್ತ ಹೋಗಿ ಅಕ್ಕನ ಕಾಲುಂಗುರಕ್ಕೆ ತಾಗಿ ನಿಂತಿತು.

ಭಾವ ಎದ್ದು ನಿಂತ. ಅಕ್ಕ ಮಾತ್ರ ಚಹಾದ ತಟ್ಟೆ ಕೆಳಗಿಟ್ಟು, ಬಗ್ಗಿ ಅದನ್ನು ಎತ್ತಿಕೊಂಡಳು.

“ಇದನ್ಯಾಕ ಹೊರಗ ತಗದಿ? ನಾನ ಹಾಕಿದ್ನಲ್ಲ.”

“ಯಾವಾಗಕ್ಕಾ?”

“ನಿನ್ನಿ, ಪೂಜಿ ಮಾಡೋ ಮುಂದ. ಬಾಯಿ ತಕ್ಕೊಂಡು ಕುಂತಿತ್ತು. ಬರೇ ಹೊಟ್ಟೀಲೆ ಕುಂದರ್ಸಿ ಪೂಜಿ ಮಾಡ್ತಾರೇನೋ? ಉಡಿ ತುಂಬಿ ಬಾಯಿ ಮುಚ್ಚೀನಿ.”

ನಮ್ಮ ಕಡೆ ಖಾಲಿ ಪಾತ್ರೆ ಯಾರೂ ವಾಪಸು ಕೊಡುವುದಿಲ್ಲ. ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಮನೆಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ. ಅವತ್ತು ಅಕ್ಕ ತಕ್ಕಡಿಯ ತಟ್ಟೆಗೆ ಅಕ್ಕಿ ಹಾಕಿದ್ದಳು, ಮಷೀನಿಗೆ ಹೊಸ ದಾರ ಪೋಣಿಸಿದ್ದಳು. ರೈಫಲ್ಲಿಗೆ ಗುಂಡು ಹಾಕಿದ್ದಳು. ಎಲ್ಲಿ ಇಡಬೇಕು, ಹೇಗೆ ಮುಚ್ಚಬೇಕು ಎಂದು ಹಿಂದೊಮ್ಮೆ ಹೆಮ್ಮೆಯಿಂದ ತೋರಿಸಿದವನು ನಾನೇ.

“ನಾ ಎಲ್ಲಿ ನಿಂತಿದ್ನೋ?” ಅಕ್ಕ ಕೇಳಿದಳು.

ಅವಳೇ ತಿರುಗಿ ಕ್ಯಾಲೆಂಡರ್ ನೋಡಿದಳು. ಆಮೇಲೆ ಗುಂಡನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾನೇ ಮಡಚಿದಳು.

ನಿನಗ್ಯಾರು ಮುಟ್ಟು ಅಂದ್ರು ಎಂದು ಬೈಯಲು ಬಾಯಿಗೆ ಬಂದದ್ದು ನಿಜ. ಆದರೆ ಕೀಲಿ ಕೊಟ್ಟವನು ಯಾರು? ಡಬ್ಬಿ ಪಕ್ಕದಲ್ಲಿಟ್ಟವನು ಯಾರು? ಖಾಲಿ ಐತ್ರಿ ಅಂದವನು ಯಾರು? ಅಕ್ಕನ ಜೀವ ಉಳಿಸಿದ್ದು ನನ್ನ ಎಚ್ಚರ ಎಂದು ಹೇಳಿಕೊಳ್ಳುವ ಆಸೆ ನನಗೂ ಇದೆ. ಉಳಿಸಿದ್ದು ಜಿಪುಣತನ. ಇದಕ್ಕಿಂತ ಭಯದ ಮಾತು ನನಗೆ ಬೇರೆ ಗೊತ್ತಿಲ್ಲ.

ಅಂದು ಸಂಜೆ ಹೇಳಿದೆ, “ಮುಂದಿನ ವರ್ಷ ಇದನ್ನ ಪೂಜಿಗೆ ಇಡಂಗಿಲ್ಲಕ್ಕಾ.”

“ಇಡಬೇಕು. ಮನಿಗೆ ಬಂದದ್ದನ್ನ ಹೊರಗಿಟ್ಟು ಪೂಜಿ ಮಾಡಬಾರದು.”

“ಹಂಗಾರ ಖಾಲಿ ಇಡ್ತೀನಿ.”

“ಖಾಲಿ ಇಡಬ್ಯಾಡ.”

ಜೀವನದಲ್ಲಿ ನಾನು ಗೆಲ್ಲಲಾಗದ ಚೌಕಾಸಿ ಇದೊಂದೇ. ಅಕ್ಕ ಪೂಜೆಯ ಬುಟ್ಟಿಯಿಂದ ಅರಿಷಿಣದ ದಪ್ಪ ದಾರದ ಉಂಡೆ ತೆಗೆದಳು. “ಇದು ಈ ಕಡಿಂದ ಆ ಕಡಿಗೆ ಹಾಯ್ತೈತೇನು ನೋಡು.”

ನಳಿಗೆ ಒರೆಸುವ ಕಡ್ಡಿಗೆ ಕಟ್ಟಿ ಹಾಯಿಸಿದೆ. ಹಿಂದಿನಿಂದ ಹೊಕ್ಕ ಹಳದಿ ದಾರ ಮುಂದೆ ಬಾಯಿಯಿಂದ ಇಳಿಬಿತ್ತು. ದಾರ ಇರುವತನಕ ಗುಂಡು ಕೂಡುವುದಿಲ್ಲ, ಬೋಲ್ಟ್ ಮುಚ್ಚುವುದಿಲ್ಲ, ದೂರದಲ್ಲಿದ್ದವರಿಗೂ ಕಾಣುತ್ತದೆ. ಅಕ್ಕನ ಲೆಕ್ಕದಲ್ಲಿ ಉಡಿಯೂ ತುಂಬಿತು. ಕ್ಲಬ್ಬಿನಲ್ಲಿ ಇದೇ ಕೆಲಸಕ್ಕೆ ಬಣ್ಣದ ಪ್ಲಾಸ್ಟಿಕ್ ದಾರ ಮಾರುತ್ತಾರೆ. ದಂಡದ ಖರ್ಚು ಎಂದು ನಾನು ಕೊಂಡಿರಲಿಲ್ಲ.

ನಿಮ್ಮ ಮನೆಯಲ್ಲಿ ಲೈಸೆನ್ಸಿನ ಬಂದೂಕಿದ್ದರೆ ನನ್ನ ಮಾತು ಕೇಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಟಾರ್ಚ್ ಹಾಕಿ ನಳಿಗೆಯ ಅಂಚು ನೋಡಿ, ರೇಟು ಆಮೇಲೆ ಮಾತಾಡಿ. ಗುಂಡು ಒಂದು ಕಪಾಟಿನಲ್ಲಿ, ಬಂದೂಕು ಇನ್ನೊಂದರಲ್ಲಿ ಇರಲಿ, ಎರಡರ ಕೀಲಿಯೂ ನಿಮ್ಮ ಸೊಂಟದಲ್ಲಿರಲಿ. ಅಕ್ಕ ಕೇಳಿದರೂ ಕೊಡಬೇಡಿ. ಪೂಜೆಗೆ ಇಡುವುದಾದರೆ ನಳಿಗೆಗೆ ದಾರ ಹಾಯಿಸಿ, ನೀವೇ ಎದುರು ಕೂತಿರಿ, ಗುಂಡಿನ ಡಬ್ಬಿಗೆ ಇದ್ದಲ್ಲಿಂದಲೇ ಕೈಮುಗಿಯಿರಿ. ಟೂ ಟೂ ಸಣ್ಣದು ಅನ್ನುವವರಿಗೆ ಹೇಳಿ, ಅದರ ಗುಂಡು ಕಿಲೋಮೀಟರ್ ದಾಟಿ ಹೋಗುತ್ತದೆ. ನಮ್ಮ ಪಡಸಾಲೆಯ ಗೋಡೆ ಅಷ್ಟು ದೂರವಿಲ್ಲ.

ಮತ್ತೆ, ಬಂದೂಕು ಖಾಲಿ ಐತಿ ಎಂದು ಯಾರು ಹೇಳಿದರೂ ಬೋಲ್ಟ್ ತೆರೆದು ಬೆರಳಿಟ್ಟು ನೋಡಿ. ಹೇಳಿದವನು ನಾನೇ ಆಗಿದ್ದರೂ.