ಬೆಗ್ ಎನ್ನಬೇಕೋ, ರಿಕ್ವೆಸ್ಟ್ ಎನ್ನಬೇಕೋ

ನನ್ನ ಇಂಗ್ಲಿಷಿನ ಬಗ್ಗೆ ನನಗೆ ಒಂದು ಕಾಲದಲ್ಲಿ ಬಹಳ ಜಂಬವಿತ್ತು. ಅದನ್ನು ಇಳಿಸಿದವನು ಇಂಗ್ಲಿಷಿನ ಗಂಧವೇ ಇಲ್ಲದ ಐತಪ್ಪ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆಗ ನಾನು ಜೆಪ್ಪಿನ ಒಂದು ಹಂಚಿನ ಕಾರ್ಖಾನೆಯಲ್ಲಿ ರೈಟರು, ಅಂದರೆ ಗುಮಾಸ್ತ. ಐತಪ್ಪ ಹಂಚು ಸುಡುವ ಭಟ್ಟಿಯವನು. ಅವನ ಮನೆಯ ದೈವಕ್ಕೆ ನೇಮ, ಎಂದರೆ ಭೂತದ ಕೋಲ; ಅದರಲ್ಲಿ ದೀವಟಿಗೆ ಹಿಡಿಯುವ ಸರದಿ ಈ ಸಲ ಅವನದು. ತಪ್ಪಿದರೆ ಕುಟುಂಬದಲ್ಲಿ ತಲೆಯೆತ್ತುವ ಹಾಗಿಲ್ಲ. ಮೂರು ದಿನ ರಜೆ ಬೇಕು. ರಜೆಯೆಂದರೆ ಕಾರ್ಖಾನೆಯ ಬಿಳಿಯ ದೊರೆಗೆ ಇಂಗ್ಲಿಷಿನಲ್ಲಿ ಅರ್ಜಿ. ನಾನು ‘ಐ ರಿಕ್ವೆಸ್ಟ್’ ಎಂದು ಗುಂಡಗೆ ಬರೆದುಕೊಟ್ಟೆ.

ಹೆಡ್ ರೈಟರು ಕನ್ನಡಕ ಏರಿಸಿ ಓದಿ ಕಾಗದವನ್ನು ಹಿಂದಕ್ಕೆ ತಳ್ಳಿದರು. “ಇದೆಂತ ಮಾರಾಯ? ಐತಪ್ಪ ದೊರೆಗೆ ಭಾವನಾ? ರಿಕ್ವೆಸ್ಟ್ ಅಂತೆ! ‘ಐ ಬೆಗ್’ ಅಂತ ಬರಿ.”

ನಾನು ನಿಘಂಟು ತೆರೆದು ತೋರಿಸಿದೆ. ಎರಡಕ್ಕೂ ಕೇಳುವುದೆಂದೇ ಅರ್ಥ. ಒಬ್ಬ ನಿಂತು ಕೇಳುತ್ತಾನೆ, ಇನ್ನೊಬ್ಬ ಬಗ್ಗಿ ಕೇಳುತ್ತಾನೆ, ಅಷ್ಟೆ. ಹೆಡ್ ರೈಟರದು ಮೂವತ್ತು ವರ್ಷ ಬಗ್ಗಿ ಪಳಗಿದ ಬೆನ್ನು. ಮಳೆ ಬಂತೆಂದು ದೊರೆಗೆ ತಿಳಿಸಬೇಕಾದರೂ ಅವರು ಬೆಗ್ ಮಾಡಿಯೇ ತಿಳಿಸುತ್ತಿದ್ದರು. ಐತಪ್ಪನ ಮಾನ ಕಾಯುವ ಭಾರ ನನ್ನ ಮೇಲೆಯೇ ಬಿದ್ದಂತೆ ನಾನೂ ಎರಡು ದಿನ ಹಟ ಹಿಡಿದೆ. ನೇಮದ ದಿನ ಬಂದೇಬಿಟ್ಟಿತೆಂಬುದು ಇಬ್ಬರಿಗೂ ನೆನಪಾಗಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ಭಟ್ಟಿಯ ಬಳಿ ಐತಪ್ಪನೇ ಇಲ್ಲ. ಗಾಬರಿಯಲ್ಲಿ ಇಬ್ಬರೂ ದೊರೆಯ ಕೋಣೆಗೆ ಓಡಿದೆವು. ಹೆಡ್ ರೈಟರು ‘ಐ ಬೆಗ್’ ಎಂದು ಬಾಯಿ ತೆರೆಯುವುದರೊಳಗೆ ದೊರೆಯೇ ವಿಷಯ ಹೇಳಿದರು. ಅಷ್ಟಿಷ್ಟು ತುಳು ಕಲಿತಿದ್ದ ಆ ಬಿಳಿಯನ ಎದುರು ಹಿಂದಿನ ಸಂಜೆ ಐತಪ್ಪ ನೆಟ್ಟಗೆ ನಿಂತು, ಮನೆಯಲ್ಲಿ ನೇಮ, ಹೋಗಿ ಬರುತ್ತೇನೆ ಎಂದನಂತೆ. ದೊರೆ ಹೋಗಿ ಬಾ ಎಂದರಂತೆ. ಅರ್ಜಿಯ ಸುದ್ದಿಯೇ ಎದ್ದಿರಲಿಲ್ಲ.

ಮರುವರ್ಷ ನನ್ನ ಮದುವೆ. ಎಂಟು ದಿನ ರಜೆ ಬೇಕಿತ್ತು. ನಿಘಂಟಿನ ನೆನಪು ಹತ್ತಿರವೂ ಸುಳಿಯಲಿಲ್ಲ. ಒಂದೇ ಅರ್ಜಿಯಲ್ಲಿ ನಾಲ್ಕು ಸಲ ಬೆಗ್ ಬರೆದೆ. ಸಿಕ್ಕಿದ್ದು ನಾಲ್ಕೇ ದಿನ.

ಐತಪ್ಪನಿಗೆ ನಿಜವಾಗಿಯೂ ಕನಿಕರವಾಯಿತು. “ಅಷ್ಟು ಇಂಗ್ಲಿಷ್ ಕಲಿತಿದ್ದೀರಿ ರೈಟ್ರೆ,” ಎಂದ. “ಹೋಗಿ ಬರ್ತೇನೆ ಅನ್ಲಿಕ್ಕೆ ಅದರಲ್ಲಿ ಶಬ್ದ ಇಲ್ವಾ?”