ಅಕ್ಕನ ಹತ್ತು ಸೂಜಿ

ನಮ್ಮಕ್ಕ ಹೊಲಿದ ಶಾಲೆಯ ಯೂನಿಫಾರ್ಮನ್ನು ಒಳಮಗ್ಗಲು ಮಾಡಿ ನೋಡಬೇಕು. ಪಕ್ಕದ ಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿರುತ್ತಾಳೆ, ಲಂಗದ ಅಂಚಿನಲ್ಲಿ ನಾಲ್ಕು ಬೆರಳು ಮಡಚಿರುತ್ತಾಳೆ. ಮಗು ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡಿಕೊಳ್ಳಬಹುದು. ಬೇರೆ ಟೈಲರುಗಳು ಆ ಬಟ್ಟೆಯನ್ನು ಕತ್ತರಿಸಿ ಇಟ್ಟುಕೊಂಡು ದಿಂಬಿನ ಚೀಲ ಹೊಲಿದು ಮಾರುತ್ತಾರೆ. "ಅದು ಅವರ ಬಟ್ಟೆ, ನಂಗ್ಯಾಕೆ" ಅನ್ನುತ್ತಾಳೆ ಅಕ್ಕ. ಇಂಥವಳ ಉಳಿತಾಯವನ್ನು ನಾನು ಶೇರು ಮಾರ್ಕೆಟ್ಟಿಗೆ ಹಾಕಿಸಿದೆ. ಅಷ್ಟಕ್ಕೇ ನಿಂತಿದ್ದರೆ ಬರೀ ಪೆದ್ದ ಅನ್ನಿಸಿಕೊಂಡು ಪಾರಾಗುತ್ತಿದ್ದೆ. ನಾನು ಮಾಡಿದ್ದು ಅದಕ್ಕಿಂತ ಕಡೆಯಾದ ಕೆಲಸ.

ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಅಪ್ಪ ಮನೆಯಲ್ಲಿದ್ದೂ ಇಲ್ಲದವನ ಹಾಗೆ ಇದ್ದ. ಅಮ್ಮ ತುಳಿಯುತ್ತಿದ್ದ ಹೊಲಿಗೆ ಮಿಷನ್ನಿನ ಮುಂದೆ ಅವತ್ತು ಕೂತ ಅಕ್ಕ ಇವತ್ತಿಗೂ ಎದ್ದಿಲ್ಲ ಅಂದರೆ ತಪ್ಪಿಲ್ಲ. ನನ್ನ ಶಾಲೆ ಫೀಸು, ಹಲ್ಲಿನ ಡಾಕ್ಟರು, ನನ್ನ ಮದುವೆಯ ಖರ್ಚು, ಎಲ್ಲ ಆ ಮಿಷನ್ನಿನಿಂದಲೇ ಬಂದದ್ದು. ಭಾವ ಲಾರಿ ಓಡಿಸುತ್ತಿದ್ದರು, ತೀರಿಕೊಂಡು ಹನ್ನೆರಡು ವರ್ಷವಾಯಿತು. ಮಕ್ಕಳಿಲ್ಲ. ಐವತ್ತು ದಾಟಿದ ನನ್ನನ್ನು ಅವಳು ಈಗಲೂ ಪುಟ್ಟ ಅಂತಲೇ ಕರೆಯುತ್ತಾಳೆ, ಅದೂ ಬೀದಿಯಲ್ಲಿ ನಾಲ್ಕು ಜನ ಇರುವಾಗ.

ನಾನು ಆರು ಮಹಡಿಯ ಆಫೀಸು ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುವವನು. ಹಳೇ ಲಿಫ್ಟು, ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು, ಮೂಲೆಯಲ್ಲಿ ನನ್ನ ಸ್ಟೂಲು. ನಾಲ್ಕನೇ ಮಹಡಿಯಲ್ಲಿ ಶೇರು ದಲ್ಲಾಳಿಯ ಆಫೀಸು. ಕೆಳಗಿನಿಂದ ಅಲ್ಲಿಗೆ ಇಪ್ಪತ್ತೆರಡು ಸೆಕೆಂಡು. ಆ ಇಪ್ಪತ್ತೆರಡು ಸೆಕೆಂಡಿನಲ್ಲಿ ಕಿವಿಗೆ ಬಿದ್ದದ್ದೇ ನನ್ನ ಪಾಂಡಿತ್ಯವೆಲ್ಲ. ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನಾನು ಬಾಗಿಲು ತೆಗೆಯಬೇಕು. "ಸಿಮೆಂಟ್ ತಗೊಳ್ಳಿ ಸಾರ್, ಎರಡು ವರ್ಷದಲ್ಲಿ ಎಲ್ಲಿಗೋ ಹೋಗುತ್ತೆ" ಅನ್ನುವಷ್ಟು ನನ್ನ ಪಾಲಿಗೆ, ಅದರ ಮುಂದಿನ "ಆದರೆ" ನಾಲ್ಕನೇ ಮಹಡಿಯ ಪಾಲಿಗೆ. ಈ ಅರ್ಧ ಮಾತುಗಳನ್ನು ನಂಬಿ ನನ್ನ ಉಳಿತಾಯವನ್ನು ಒಂದು ಸಿಮೆಂಟ್ ಕಂಪನಿಯ ಶೇರಿಗೆ ಹಾಕಿದೆ. ಅದು ಏರಿತು. ನನಗೂ ತಲೆ ತಿರುಗಿತು.

ಆಗಲೇ ಅಕ್ಕನ ಎರಡೂ ಕಣ್ಣಿಗೆ ಪೊರೆ ಬರಲು ಶುರುವಾಗಿದ್ದು. ಎರಡು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರೆ ಸಾಕು, ಆದರೆ ತೀರಾ ಬಿಡಬೇಡಿ ಅಂದಿದ್ದರು ಡಾಕ್ಟರು. ಅಕ್ಕನ ಹತ್ತಿರ ಒಂದು ಕಣ್ಣಿಗೆ ಆಗುವಷ್ಟು ದುಡ್ಡು ಬ್ಯಾಂಕಿನಲ್ಲಿತ್ತು. ನಾನು ಬಾಯಿ ಹಾಕಿದೆ.

"ಬ್ಯಾಂಕಲ್ಲಿ ಸುಮ್ನೆ ಮಲಗಿಸಿದೀಯಲ್ಲ ಅಕ್ಕ. ಶೇರಿಗೆ ಹಾಕು. ಒಂದು ಕಣ್ಣಿನ ದುಡ್ಡು ಎರಡು ವರ್ಷದಲ್ಲಿ ಎರಡು ಕಣ್ಣಿನ ದುಡ್ಡಾಗುತ್ತೆ."

"ನಿಂಗೆ ಇದೆಲ್ಲ ಚೆನ್ನಾಗಿ ಗೊತ್ತಾ ಪುಟ್ಟ?"

"ದಿನಾ ಅವರ ಜೊತೇಲೇ ಓಡಾಡೋನು ನಾನು" ಅಂದೆ. ಓಡಾಡುತ್ತಿದ್ದದ್ದು ನಿಜ. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ. ಅಕ್ಕ ದಲ್ಲಾಳಿಯ ಕಾಗದಗಳಿಗೆ ಸಹಿ ಹಾಕಿದಳು.

ಕಣ್ಣು ಮಂಜಾದ ಮೇಲೆ ಮಿಷನ್ನಿನ ಸೂಜಿಗೆ ಅವಳು ಹೇಗೋ ತಡವಿಕೊಂಡು ದಾರ ಹಾಕುತ್ತಿದ್ದಳು. ಗುಂಡಿ, ಕಾಜ, ಅಂಚಿನ ಕೈಹೊಲಿಗೆಯ ಸೂಜಿ ಮಾತ್ರ ಕೈಗೆ ಬಗ್ಗಲಿಲ್ಲ. ಹಾಗಾಗಿ ಪ್ರತಿ ಭಾನುವಾರ ಬೆಳಗ್ಗೆ ನಾನು ಹೋಗಿ ಹತ್ತು ಸೂಜಿಗೆ ಉದ್ದುದ್ದ ದಾರ ಪೋಣಿಸಿ, ಮಿಷನ್ನಿನ ಪಕ್ಕದ ಬಟ್ಟೆಯುಂಡೆಗೆ ಚುಚ್ಚಿಟ್ಟು ಬರುತ್ತಿದ್ದೆ. ನಾಲ್ಕು ಬಿಳಿ, ಆರು ನೀಲಿ. ಅವಳ ವಾರ ಅಷ್ಟರಲ್ಲಿ ಮುಗಿಯುತ್ತಿತ್ತು. ಪೋಣಿಸುತ್ತಾ ಕೂತು ಅವಳಿಗೆ ಮಾರ್ಕೆಟ್ಟಿನ ಪಾಠ ಹೇಳುತ್ತಿದ್ದೆ. ಹೆದರಿ ಮಾರೋರು ಹೇಡಿಗಳು, ಹಿಡ್ಕೊಂಡೋನೇ ಗೆಲ್ಲೋದು ಅಂತ ಜಂಬದಿಂದ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಹಾಗೆ ಹೇಳಿದ ವಾರವೇ, ಗುರುವಾರ, ನಾಲ್ಕನೇ ಮಹಡಿಯಿಂದ ಇಬ್ಬರು ಲಿಫ್ಟು ಹತ್ತಿದರು. ದಿನವೂ ಒಬ್ಬರ ಮೇಲೊಬ್ಬರು ಕೂಗಾಡುವ ದೊಡ್ಡ ಗಿರಾಕಿಗಳು. ಅವತ್ತು ಇಪ್ಪತ್ತೆರಡು ಸೆಕೆಂಡೂ ಒಬ್ಬರೂ ತುಟಿ ಬಿಚ್ಚಲಿಲ್ಲ. ಅವರ ಹಿಂದೆ ಇಳಿದ ಮೂವರೂ ಹಾಗೇ. ಹದಿನೆಂಟು ವರ್ಷದಲ್ಲಿ ನನ್ನ ಲಿಫ್ಟು ಅಷ್ಟು ತೆಪ್ಪಗೆ ಇಳಿದದ್ದು ಕಂಡಿರಲಿಲ್ಲ. ಮೇಲೆ ಏನೋ ಕೆಟ್ಟಿದೆ ಅಂದುಕೊಂಡೆ. ನೆಟ್ಟಗಿದ್ದ ಲಿಫ್ಟಿಗೆ "ಲಿಫ್ಟ್ ಕೆಟ್ಟಿದೆ" ಅನ್ನುವ ಬೋರ್ಡು ನೇತುಹಾಕಿ, ಮೆಟ್ಟಿಲು ಹತ್ತಿ ಹೋಗಿ, ನನ್ನ ಶೇರನ್ನೆಲ್ಲ ಮಾರಿ ಬಂದೆ. ಹತ್ತು ನಿಮಿಷದ ಕೆಲಸ. ಅಕ್ಕನದನ್ನು ಮಾರಲು ಅಕ್ಕನ ಸಹಿ ಬೇಕಿತ್ತು. ಭಾನುವಾರ ಹೇಳಿದರಾಯಿತು ಅಂದುಕೊಂಡೆ.

ಭಾನುವಾರ ಹೋದೆ. ಸೂಜಿ ಪೋಣಿಸುತ್ತಾ ಕೂತೆ. ಅಕ್ಕನೇ ಕೇಳಿದಳು, "ನಮ್ಮ ಸಿಮೆಂಟ್ ಹೇಗಿದೆ ಪುಟ್ಟ?"

ಬಾಯಿ ತೆರೆದೆ. ಹಿಂದಿನ ಭಾನುವಾರ ಹೇಡಿಗಳ ಮೇಲೆ ಬಿಗಿದ ಭಾಷಣ ಅಡ್ಡ ಬಂತು. ನಾನು ಮಾರಿದ ಮೇಲೆ ಮತ್ತೆ ಏರಿಬಿಟ್ಟರೆ? ತಮ್ಮ ಪುಕ್ಕಲ ಅಂತ ಅವಳು ನಗುತ್ತಾಳೆ, ಅವಳಿಂದಲೂ ಮಾರಿಸಿದ್ದರೆ ಅವಳ ಲಾಭ ತಪ್ಪಿಸಿದೆ ಅಂತ ಆಗುತ್ತದೆ. ಇನ್ನೊಂದು ವಾರ ನೋಡೋಣ ಅನ್ನಿಸಿತು. "ಚೆನ್ನಾಗಿದೆ" ಅಂದೆ. ಆ ಒಂದು ಮಾತು ಆಡಿದವನ ನಾಲಿಗೆಗೆ ಏನು ಶಿಕ್ಷೆ ಕೊಟ್ಟರೂ ಕಡಿಮೆಯೇ.

ಮಂಗಳವಾರ ಮಾರ್ಕೆಟ್ಟು ಕುಸಿಯಿತು. ತಿಂಗಳೊಳಗೆ ಅಕ್ಕನ ದುಡ್ಡು ಅರ್ಧಕ್ಕೆ ಇಳಿಯಿತು. ನನ್ನದು, ಲಾಭದ ಸಮೇತ, ಬ್ಯಾಂಕಿನಲ್ಲಿ ಬೆಚ್ಚಗಿತ್ತು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಾಲ. ಊರಿನ ಅರ್ಧ ಜನ ಕೆಲಸಕ್ಕಿದ್ದ ಕಾರ್ಖಾನೆ ಎರಡು ಪಾಳಿ ನಿಲ್ಲಿಸಿತು. ನಮ್ಮ ಕಟ್ಟಡದ ಆಫೀಸುಗಳು ಒಂದೊಂದಾಗಿ ಖಾಲಿಯಾದವು. ಯಜಮಾನರು ಲಿಫ್ಟನ್ನು ವಾರಕ್ಕೆ ಮೂರೇ ದಿನ ನಡೆಸು ಅಂದರು, ಸಂಬಳವೂ ಅಷ್ಟಕ್ಕೇ. ಅಕ್ಕನ ಮನೆಗೆ ಹೊಸ ಬಟ್ಟೆ ತರುವವರು ನಿಂತೇಹೋದರು. ತಾಯಂದಿರು ಹಳೇ ಯೂನಿಫಾರ್ಮು ಹಿಡಿದುಕೊಂಡು ಬಂದರು. "ಒಳಗೆ ಬಟ್ಟೆ ಬಿಟ್ಟಿದೀರಲ್ಲ, ಬಿಚ್ಚಿ ಉದ್ದ ಮಾಡ್ಕೊಡಿ." ಅವಳ ಒಳ್ಳೆತನವೇ ಅವಳ ಹೊಟ್ಟೆಯ ಮೇಲೆ ಹೊಡೆಯಿತು. ಕಡುನೀಲಿ ಬಟ್ಟೆಯಲ್ಲಿ ಕಡುನೀಲಿ ಹೊಲಿಗೆ ಹುಡುಕಿ ಬಿಚ್ಚುವುದು ಚುರುಕು ಕಣ್ಣಿನವರಿಗೇ ಕಷ್ಟ. ಅಕ್ಕ ಬಾಗಿಲಿನ ಬೆಳಕಿಗೆ ಕುರ್ಚಿ ಎಳೆದುಕೊಂಡು, ಬಟ್ಟೆಯನ್ನು ಮೂಗಿಗೆ ತಾಗಿಸಿಕೊಂಡು ಬಿಚ್ಚುತ್ತಿದ್ದಳು. ಎರಡು ಸಲ ಬ್ಲೇಡು ಬೆರಳಿಗೇ ಬಿತ್ತು. ಎರಡು ವರ್ಷದ ಗಡುವು ಹತ್ತಿರ ಬರುತ್ತಿತ್ತು.

"ನಿಂದು ಮಾರಿಬಿಡು ಅಕ್ಕ, ಇದ್ದಷ್ಟು ಬರಲಿ. ಒಂದು ಕಣ್ಣಿಗೆ ಸಾಲದೇ ಇದ್ದದ್ದು ನಾನು ಹಾಕ್ತೀನಿ" ಅಂದೆ ಒಂದು ದಿನ, ಅವಳ ಮುಖ ನೋಡದೆ.

"ನೀನೆಲ್ಲಿಂದ ತರ್ತೀಯ? ನಿಂದೂ ಅಲ್ಲೇ ಸಿಕ್ಕಾಕ್ಕೊಂಡಿದೆಯಲ್ಲ" ಅಂದಳು. "ನೀನು ತೆಗೆದಾಗ ನಾನೂ ತೆಗೀತೀನಿ. ಒಟ್ಟಿಗೆ ಇಳಿದಿದೀವಿ. ನಿನ್ನ ನಡುನೀರಲ್ಲಿ ಬಿಟ್ಟು ನಾನು ಎದ್ದು ಬರೋಕಾಗುತ್ತಾ?"

ಆಗ ಹೇಳಬಹುದಿತ್ತು. ನಾನು ಇನ್ನೊಂದು ಸೂಜಿ ಕೈಗೆತ್ತಿಕೊಂಡೆ.

ಸಿಕ್ಕಿಹಾಕಿಕೊಂಡವನ ಹಾಗೆ ಕಾಣಬೇಕಲ್ಲ, ಅದೊಂದು ಬೇರೆ ಪಡಿಪಾಟಲು. ಹರಿದ ಚಪ್ಪಲಿಗೆ ಮೊಳೆ ಹೊಡೆಸಿಕೊಂಡು ಓಡಾಡಿದೆ. ಬಾಗಿಲಿಗೆ ಬಣ್ಣ ಹೊಡೆಸಲಿಲ್ಲ. ಬ್ಯಾಂಕಿನ ದುಡ್ಡನ್ನು ಮುಟ್ಟಲು ಮನಸ್ಸು ಬರಲಿಲ್ಲ, ಇದೆ ಅಂತ ಹೇಳಲು ಬಾಯಿ ಬರಲಿಲ್ಲ. ನನ್ನ ಹೆಂಡತಿಗೆ ರೇಗಿಹೋಯಿತು.

"ರೀ, ದುಡ್ಡು ಇಟ್ಕೊಂಡು ಇದೇನು ನಾಟಕ ನಿಮ್ದು? ಅತ್ತಿಗೆ ಹತ್ರ ಹೇಳಿ ಬೈಸ್ಕೊಳ್ಳಿ, ಮುಗೀತು."

"ಹೇಳ್ತೀನಿ" ಅಂದೆ.

"ಹಾಗಂತ ಒಂದು ವರ್ಷದಿಂದ ಹೇಳ್ತಾ ಇದೀರಿ" ಅಂದಳು ಅವಳು. ಸುಳ್ಳಲ್ಲ.

ಕಳೆದ ಚಳಿಗಾಲದ ಒಂದು ಭಾನುವಾರ ಏಳನೆಯ ಸೂಜಿ ಪೋಣಿಸುತ್ತಿದ್ದೆ. ಅಕ್ಕ ಒಳಗೆ ಹೋಗಿ ಒಂದು ಬಟ್ಟೆಯ ಚೀಲ ತಂದು ನನ್ನ ತೊಡೆಯ ಮೇಲಿಟ್ಟಳು. ಉಳಿದ ತುಂಡುಗಳಿಂದ ಹೊಲಿದ ಚೀಲ. ಒಳಗೆ ನೋಟಿನ ಕಟ್ಟು.

"ಏನಕ್ಕ ಇದು?"

"ಸಿಮೆಂಟ್ ಮಾರಿದೆ. ಅರ್ಧ ನಿಂದು."

"ಯಾವಾಗ ಮಾರಿದೆ? ನಂಗೆ ಹೇಳ್ಲೇ ಇಲ್ಲ."

"ಹೇಳಿದ್ರೆ ನೀನು ಅರ್ಧ ತಗೊಳ್ಳೋಕೆ ಒಪ್ತಿದ್ಯಾ? ಮೊನ್ನೆ ಮಂಗಳವಾರ ಹೋಗಿದ್ದೆ. ನಿನ್ನ ಲಿಫ್ಟ್ ಇರಲ್ಲ ಅಂತ ಗೊತ್ತಿತ್ತು. ಕಂಬಿ ಹಿಡ್ಕೊಂಡು ನಿಧಾನಕ್ಕೆ ಹತ್ತಿದೆ. ಒಂದು ಕಡೆ ಮೆಟ್ಲು ಕಾಣದೆ ಎಡವಿದೆ ಅಷ್ಟೇ." ಮಂಡಿಯ ಹತ್ತಿರ ಸೀರೆ ಸರಿಮಾಡಿಕೊಂಡಳು. "ನಿಂಗೆ ಸಂಬಳ ಅರ್ಧ. ಚಪ್ಪಲಿ ನೋಡಿದೀನಿ ನಾನು. ಅಷ್ಟು ಕಾಣುತ್ತೆ ನಂಗೆ. ನೀನು ನಷ್ಟಕ್ಕೆ ಮಾರೋಕೆ ಮನಸ್ಸು ಮಾಡಲ್ಲ, ಮೊದಲಿಂದ ಹಟಮಾರಿ. ಇದು ತಗೊಂಡು ಮನೆ ನಡೆಸು. ಕಣ್ಣು ಇನ್ನೊಂದು ವರ್ಷ ತಡೆಯುತ್ತೆ."

ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಯುಂಡೆಗೆ ಚುಚ್ಚಿದೆ. ನನಗೆ ಅಷ್ಟು ನಾಚಿಕೆ ಜೀವನದಲ್ಲಿ ಆಗಿರಲಿಲ್ಲ. ಆ ಚೀಲವನ್ನು ಅವಳ ಕೈಗೆ ವಾಪಸು ತುರುಕಿದೆ.

"ಅಕ್ಕ, ನಂದು ಹೋಗಿಲ್ಲ."

"ಏನು ಹೋಗಿಲ್ಲ?"

"ದುಡ್ಡು. ನಾನು ಬೀಳೋದಕ್ಕೆ ಮುಂಚೇನೇ ಮಾರಿಬಿಟ್ಟೆ. ಎಲ್ಲಾ ಬ್ಯಾಂಕಲ್ಲಿದೆ."

ಅಕ್ಕ ನಾನಿದ್ದ ಕಡೆಗೆ ಮುಖ ತಿರುಗಿಸಿದಳು. ಆ ಕಣ್ಣಿಗೆ ನನ್ನ ಮುಖ ಎಷ್ಟು ಕಾಣುತ್ತಿತ್ತೋ.

"ಎಷ್ಟು ಮುಂಚೆ?"

"ಗುರುವಾರ ಮಾರಿದೆ. ಮಂಗಳವಾರ ಬಿತ್ತು."

"ನಡುವೆ ಭಾನುವಾರ ಬಂತಲ್ಲ."

"ಬಂತು."

"ಇಲ್ಲೇ ಕೂತು ಸೂಜಿ ಪೋಣಿಸಿದೆ."

"ಹೂಂ."

"ನಾನು ಕೇಳಿದ್ದೆ."

"ಕೇಳಿದ್ದೆ ಅಕ್ಕ."

ಅವಳು ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಅತ್ತಿದ್ದರೆ ನಾನೂ ಅಳಬಹುದಿತ್ತು. ಅವಳು ಎರಡೂ ಮಾಡಲಿಲ್ಲ. ಯಾರದೋ ಮಗುವಿನ ಲಂಗವನ್ನು ತೊಡೆಯ ಮೇಲೆಳೆದುಕೊಂಡು ಅಂಚನ್ನು ಬೆರಳಿನಿಂದ ತಡವಿದಳು. ಹೊಲಿಗೆ ಸಿಕ್ಕಲಿಲ್ಲ. ಮತ್ತೆ ತಡವಿದಳು. ಕಡೆಗೆ ಅದನ್ನು ಮಡಚಿ ಪಕ್ಕಕ್ಕಿಟ್ಟಳು.

"ಎರಡು ಕಣ್ಣು ಅಂದಿದ್ದೆ ನೀನು" ಅಂದಳು. "ಎರಡೂ ಮಾಡಿಸು."

ಮಾಡಿಸಿದೆ. ಮೊದಲು ಬಲಗಣ್ಣು, ಒಂದೂವರೆ ತಿಂಗಳಾದ ಮೇಲೆ ಎಡಗಣ್ಣು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ, ಔಷಧಿಯ ಹನಿ ಹಾಕಲು ನನ್ನ ಹೆಂಡತಿ ಎರಡು ಹೊತ್ತೂ ಹೋಗಿಬಂದಳು. ಅಕ್ಕ ಅವಳ ಜೊತೆ ಚೆನ್ನಾಗಿ ಮಾತಾಡಿದಳು. ನನ್ನ ಜೊತೆಯೂ ಮಾತಾಡಿದಳು, ಹನಿ ಎಷ್ಟು ಗಂಟೆಗೆ, ರಿಕ್ಷಾಕ್ಕೆ ಎಷ್ಟು ಕೊಟ್ಟೆ, ಇಂಥವು. ಆ ವಾರಗಳಲ್ಲಿ ಹೊಲಿಗೆ ಇರಲಿಲ್ಲ, ಸೂಜಿಯ ಕೆಲಸವೂ ಇರಲಿಲ್ಲ. ಎರಡು ಕಣ್ಣಿಗೆ ಕೊಟ್ಟ ಮೇಲೆ ನನ್ನ ದುಡ್ಡಿನಲ್ಲಿ ಲಾಭವೆಲ್ಲ ಹೋಗಿ ಅಸಲಿನಲ್ಲೂ ಒಂದಿಷ್ಟು ಹೋಯಿತು. ಅದಕ್ಕೆ ನನಗೆ ಒಂದು ಚೂರೂ ಬೇಸರವಾಗಲಿಲ್ಲ. ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ, ಅದೂ ಆಗಲಿಲ್ಲ.

ಹೊಸ ಕನ್ನಡಕ ಬಂದ ವಾರ ಭಾನುವಾರ ಬೆಳಗ್ಗೆ ರೂಢಿಯಂತೆ ಹೋದೆ. ಮಿಷನ್ನು ಸದ್ದು ಮಾಡುತ್ತಿತ್ತು. ಅಕ್ಕ ತಲೆ ಎತ್ತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಎರಡು ವರ್ಷದ ಮೇಲೆ ಸರಿಯಾಗಿ ನೋಡಿದ್ದು.

"ಕೂದಲು ಬೆಳ್ಳಗಾಗಿದೆ ನಿಂದು" ಅಂದಳು. "ಕೂತ್ಕೋ, ಟೀ ಇಡ್ತೀನಿ."

ಅವಳು ಒಳಗೆ ಹೋದಳು. ನಾನು ನನ್ನ ಜಾಗದಲ್ಲಿ ಕೂತು ಮಿಷನ್ನಿನ ಪಕ್ಕದ ಬಟ್ಟೆಯುಂಡೆಗೆ ಕೈ ಹಾಕಿದೆ. ನಾಲ್ಕು ಬಿಳಿ, ಆರು ನೀಲಿ. ಹತ್ತು ಸೂಜಿಗೂ ಅವಳೇ ದಾರ ಪೋಣಿಸಿಟ್ಟಿದ್ದಳು.