ದಾಕಿನ ಐಸು

ಆಗ ನನಗೆ ಇಪ್ಪತ್ತೆರಡು ವರ್ಷ. ಇದು ನಲವತ್ತೈದು ವರ್ಷದ ಹಿಂದಿನ ಮಾತು. ಗಂಡ ಲಾರಿ ಕೆಳಗೆ ಸಿಕ್ಕಿ ಸತ್ತಿದ್ದ. ಮೂರು ವರ್ಷದ ಮಗಳನ್ನು ಕಟ್ಟಿಕೊಂಡು ಭದ್ರಾವತಿ ಹಳೇನಗರದಲ್ಲಿ ಅಣ್ಣನ ಮನೆಯಲ್ಲಿದ್ದೆ. ಅಣ್ಣನಿಗೂ ಒಬ್ಬಳೇ ಮಗಳು, ನನ್ನವಳ ವಾರಿಗೆಯವಳೇ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಒಂದೇ ಚಾಪೆಯಲ್ಲಿ ಮಲಗುತ್ತಿದ್ದರು. “ನನಗೆ ಎರಡು ಹೆಣ್ಣು” ಎಂದು ಅಣ್ಣ ಬಂದವರ ಮುಂದೆಲ್ಲ ಹೇಳುತ್ತಿದ್ದ. ನಾನು ನಂಬಿದ್ದೆ.

ಮನೆಯಲ್ಲಿ ನಾವು ಆಡುವುದು ದಖನಿ. ನಾನು ಕಲಿತ ನಾಲ್ಕು ಅಕ್ಷರ ಕನ್ನಡದ್ದು. ಅದಕ್ಕೆ ಯಾರು ಏನು ಆಡಿದ್ದರೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ಅಣ್ಣನದು ಸೋಡಾ ಅಂಗಡಿ, ಮಸೀದಿ ಬೀದಿಯ ತಿರುವಿನಲ್ಲಿ. ಅಂಗಡಿಯ ಹಿಂದೆ ದೊಡ್ಡದೊಂದು ಮರದ ಪೆಟ್ಟಿಗೆ, ಒಳಗೆಲ್ಲ ತಗಡು ಹೊಡೆದದ್ದು. ದಿನಾ ಬೆಳಗಿನ ಬಸ್ಸಿನ ಮೇಲೆ ಶಿವಮೊಗ್ಗದ ಫ್ಯಾಕ್ಟರಿಯಿಂದ ಐಸು ಬರುತ್ತಿತ್ತು, ಮರದ ಹೊಟ್ಟಿನಲ್ಲಿ ಹೂತು ಗೋಣಿ ಸುತ್ತಿ. ದಾರಿಯಲ್ಲೇ ಒಂದಿಷ್ಟು ನೀರಾಗಿ ಬಸ್ಸಿನ ಕಿಟಕಿ ಮೇಲೆ ಇಳಿದಿರುತ್ತಿತ್ತು. ಉಳಿದದ್ದು ಪೆಟ್ಟಿಗೆಗೆ. ಆಗ ಭದ್ರಾವತಿಯಲ್ಲಿ ಫ್ರಿಜ್ ಇದ್ದದ್ದು ಕಾರ್ಖಾನೆಯ ದೊಡ್ಡ ಸಾಹೇಬರ ಬಂಗಲೆಗಳಲ್ಲಿ. ನಮ್ಮ ಕಡೆಯ ದವಾಖಾನೆಯಲ್ಲಿ ಇದ್ದದ್ದು ಒಂದು ಮೇಜು, ಒಂದು ಬೀರು, ಗೋಡೆಗೊರಗಿಸಿದ ಬೆಂಚು.

ಆ ಬೇಸಿಗೆ ಹೊಳೆಯಾಚೆಯ ಕೂಲಿ ಲೈನಿನಲ್ಲಿ ಸಿಡುಬು ಎದ್ದಿತು. ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕುವವರು ಸೈಕಲ್ಲಿನಲ್ಲಿ ಬಂದರು. ತಲೆ ನರೆತ, ಮೆತ್ತಗೆ ಮಾತಾಡುವ ಮನುಷ್ಯ. ದಾಕಿನ ಔಷಧಿ ಸಣ್ಣ ಗಾಜಿನ ನಳಿಗೆಗಳಲ್ಲಿ ಇರುತ್ತಿತ್ತು. ಅದನ್ನು ಅವರು ಶಿವಮೊಗ್ಗದಿಂದ ಫ್ಲಾಸ್ಕಿನಲ್ಲಿ ಐಸಿನ ನಡುವೆ ಇಟ್ಟು ತರುತ್ತಿದ್ದರು. ಫ್ಲಾಸ್ಕಿನ ಐಸು ಒಂದು ಹಗಲು ಉಳಿದರೆ ಹೆಚ್ಚು. ದಾಕು ಹಾಕುವ ಕೆಲಸವೋ ವಾರಗಟ್ಟಲೆಯದು. ಹಾಗಾಗಿ ಅಣ್ಣನ ಪೆಟ್ಟಿಗೆ ಕೇಳಿಕೊಂಡು ಬಂದರು.

“ಸಾಬ್ರೇ, ಈ ಡಬ್ಬಿ ಒಂದು ಮೂಲೇಲಿ ಇಟ್ಕೊಳ್ಳಿ. ಸುತ್ತ ಐಸು ಇರ್ಬೇಕು, ಹಗಲೂ ರಾತ್ರಿ ಇರ್ಬೇಕು. ಒಂದ್ಸಲ ಬಿಸಿ ತಾಗ್ತೋ, ಒಳಗಿರೋದು ಸತ್ತುಹೋಗುತ್ತೆ. ಆಮೇಲೆ ಅದನ್ನ ಹಾಕಿದ್ರೂ ಒಂದೇ, ಉಗುಳು ಹಚ್ಚಿದ್ರೂ ಒಂದೇ.”

“ಐಸಿನ ವಿಷಯ ನನಗೆ ಹೇಳ್ಕೊಡ್ತೀರಾ ಸ್ವಾಮಿ? ಅಪ್ಪನ ಕಾಲದಿಂದ ಇದೇ ಕಸುಬು. ತಂದಿಡಿ. ಮಕ್ಕಳ ದುವಾ ನನಗೂ ಸಿಗ್ಲಿ” ಎಂದ ಅಣ್ಣ. ಬಾಡಿಗೆ ಕೊಡುತ್ತೇವೆಂದರೂ ಬೇಡವೆಂದ.

ಇನ್ನೊಂದು ತೊಡಕಿತ್ತು. ನಮ್ಮ ಬೀದಿಯ ಹೆಂಗಸರು, ಹೊರಗಿನ ಗಂಡಸರು ಬಂದರೆ ಕದ ತೆಗೆಯುವವರಲ್ಲ. “ನಿನ್ನ ಮಾತು ಕೇಳ್ತಾರೆ, ನೀನು ಹೋಗು ಛೋಟಿ” ಎಂದು ಅಣ್ಣನೇ ನನ್ನನ್ನು ಎಬ್ಬಿಸಿದ. ಅವರು ಪರದೆಯ ಆಚೆ ನಿಲ್ಲುವುದು, ನಾನು ಒಳಗೆ ಹೋಗಿ ಮಾತಾಡಿ ಮಕ್ಕಳನ್ನು ಹೊರಗೆ ತಂದು ತೋಳು ಹಿಡಿಯುವುದು. ಮೂಲೆಮನೆಯ ಮುದುಕಿಯನ್ನು ಬೀದಿಯವರೆಲ್ಲ ಖಾಲಾ ಎನ್ನುತ್ತಿದ್ದೆವು. ಮೂರು ಮೊಮ್ಮಕ್ಕಳು. ಅವಳು ಒಪ್ಪಿದರೆ ಬೀದಿ ಒಪ್ಪಿದ ಹಾಗೆ. ಅವಳೇ ಒಪ್ಪಲಿಲ್ಲ.

“ದನದ ಕೀವು ತಂದು ಮಕ್ಕಳ ಮೈಗೆ ಹಾಕ್ತಾರಂತೆ. ಗಂಡ ಹೋದ, ಅವನ ಹಿಂದೆ ನಿನ್ನ ಬುದ್ಧೀನೂ ಹೋಯ್ತಾ ಮಾರಾಯ್ತಿ?”

“ಕೀವೋ ಗಂಧವೋ, ಮೊದಲು ನನ್ನ ಮಗಳಿಗೇ ಹಾಕಿಸ್ತೀನಿ, ನಿಮ್ಮ ಕಣ್ಮುಂದೆ. ನಮ್ಮಣ್ಣನ ಪೆಟ್ಟಿಗೇಲಿ ಕಾಪಾಡಿಟ್ಟಿರೋದು ಖಾಲಾ, ಬೀದೀಲಿ ಬಿದ್ದಿದ್ದಲ್ಲ.”

“ನಿಮ್ಮಣ್ಣನ ಪೆಟ್ಟಿಗೆ ಸೋಡಾಕ್ಕೆ ಸರಿ. ನನ್ನ ಮೊಮ್ಮಕ್ಕಳು ಬಾಟ್ಲಿ ಅಲ್ಲ.”

ಮೊದಲು ನನ್ನ ಮಗಳಿಗೆ ಎಂಬ ಮಾತಿನ ಮೇಲೆ ಕೊನೆಗೆ ಒಪ್ಪಿದಳು. ತೋಳಿನ ಮೇಲೆ ಒಂದು ತೊಟ್ಟು ಬಿಟ್ಟು, ಮುಳ್ಳುಹಲ್ಲಿನ ಸಣ್ಣ ಬಿಲ್ಲೆ ಒತ್ತಿ ತಿರುಗಿಸುತ್ತಿದ್ದರು. ಮಗಳು ಬೀದಿ ಹಾರಿಹೋಗುವ ಹಾಗೆ ಕಿರುಚಿದಳು. ಅಣ್ಣನ ಮಗಳಿಗೂ ಅದೇ ದಿನ ಹಾಕಿದರು. ಆಮೇಲೆ ಮನೆಮನೆಯಲ್ಲೂ ಹಾಕಿದರು.

ದಾಕು ಹಿಡಿದರೆ ವಾರದೊಳಗೆ ಅಲ್ಲಿ ಗುಳ್ಳೆ ಎದ್ದು, ತುಂಬಿ, ಕಪ್ಪಗೆ ಹಕ್ಕಳೆಗಟ್ಟಬೇಕು. ಏಳದಿದ್ದರೆ ಹಾಕಿದ್ದು ಹಾಕದ ಹಾಗೆ.

ದಾಕಿನ ಡಬ್ಬಿ ಪೆಟ್ಟಿಗೆಗೆ ಬಂದ ದಿನಗಳಲ್ಲೇ ರಂಜಾನ್ ಹಿಡಿದಿತ್ತು. ಆ ವರ್ಷ ಅದು ಬಂದದ್ದು ಕಡು ಬೇಸಿಗೆಯಲ್ಲಿ. ನೀರಿಲ್ಲದೆ ಹಗಲು ದೂಡುವುದೆಂದರೆ ಎಂಥದೆಂದು ಉಪವಾಸ ಹಿಡಿದವರಿಗೆ ಗೊತ್ತು. ಅಣ್ಣ ಹಿರಿಯರ ಮುಂದೆ ಎದ್ದು ನಿಂತು, ತಿಂಗಳು ಪೂರ್ತಿ ಮಸೀದಿಯಲ್ಲಿ ಸಂಜೆ ಉಪವಾಸ ಮುಗಿಸಿ ರೋಜಾ ಬಿಡುವವರಿಗೆ ತಣ್ಣನೆಯ ಶರಬತ್ತು ತನ್ನದು ಎಂದು ಮಾತು ಕೊಟ್ಟಿದ್ದ. ನನ್ನಾರಿ ಶರಬತ್ತು, ಸಬ್ಜಾ ಬೀಜ, ಮೇಲೆ ಐಸಿನ ಚೂರು. ಹಿರಿಯರು ಹೆಗಲು ತಟ್ಟಿದರು. ನಮ್ಮಪ್ಪ ಸೋಡಾ ಬಾಟ್ಲಿ ಹೊತ್ತು ಮಾರಿದವನು. ಅವನ ಮಗನಿಗೆ ಮಸೀದಿಯಲ್ಲಿ ಮುಂದಿನ ಸಾಲು ಸಿಕ್ಕಿತು. ಮನೆಗೂ ಸಂಜೆ ಒಂದು ಚೊಂಬು ಶರಬತ್ತು ಬರುತ್ತಿತ್ತು. ಬಜಾರಿನಲ್ಲಿ ಐಸು ಸಿಗುತ್ತಿಲ್ಲ, ಫ್ಯಾಕ್ಟರಿಯವರು ಅರ್ಧಕ್ಕರ್ಧ ಕಳಿಸುತ್ತಿದ್ದಾರೆ ಎಂದು ಎಲ್ಲರೂ ಗೊಣಗುತ್ತಿದ್ದರು. ನಮ್ಮ ಚೊಂಬಿನಲ್ಲಿ ಮಾತ್ರ ಐಸು ಸದ್ದು ಮಾಡುತ್ತಿತ್ತು. ನಾನೂ ಅದನ್ನೇ ಕುಡಿದು ರೋಜಾ ಬಿಟ್ಟೆ. ಅಣ್ಣನಿಗೆ ಒಳ್ಳೆಯದಾಗಲಿ ಎಂದೂ ಅಂದೆ.

ವಾರ ಕಳೆದು ದಾಕಿನವರು ತೋಳು ನೋಡಲು ಬಂದರು. ಒಬ್ಬರದೂ ಎದ್ದಿರಲಿಲ್ಲ.

“ಇದೇನು ತಾಯಿ? ಒಂದೋ ಎರಡೋ ತಪ್ಪೋದುಂಟು. ಇಡೀ ಬೀದಿಗೆ ಬೀದೀನೇ? ನನ್ನ ಸರ್ವೀಸಲ್ಲಿ ನಾನಿದನ್ನ ನೋಡಿಲ್ಲ.”

ನೆಟ್ಟಗೆ ಅಂಗಡಿಗೆ ಹೋದರು. ನಾನೂ ಹಿಂದೆ ಹೋದೆ. ಪೆಟ್ಟಿಗೆ ತೆರೆದರೆ ಡಬ್ಬಿಯ ಸುತ್ತ ಐಸು ಗಟ್ಟಿಯಾಗಿ ಕೂತಿತ್ತು.

“ಕೈಯಿಟ್ಟು ನೋಡಿ ಸ್ವಾಮಿ, ಬೆರಳು ಮರಗಟ್ಟುತ್ತೆ” ಎಂದು ಅಣ್ಣ ನಕ್ಕ. “ತಪ್ಪು ಐಸಿಂದಲ್ಲ, ನಿಮ್ಮ ಕೈಗುಣದ್ದು ಇರ್ಬೇಕು. ವಯಸ್ಸಾಯ್ತಲ್ಲ.”

ಅಂಗಡಿಯಲ್ಲಿದ್ದವರೂ ನಕ್ಕರು. ದಾಕಿನವರು ಹೊರಟುಹೋದರು. ಶಿವಮೊಗ್ಗದಿಂದ ಹೊಸ ನಳಿಗೆ ತಂದು ಮತ್ತೆ ಅದೇ ಪೆಟ್ಟಿಗೆಯಲ್ಲಿಟ್ಟರು. ನಾನು ಮತ್ತೆ ಮನೆಮನೆಗೆ ಹೋದೆ. ಒಬ್ಬಳು, “ನಿನಗೆ ತಲೆಗಿಷ್ಟು ಅಂತ ಕಮಿಷನ್ ಕೊಡ್ತಾರಾ?” ಎಂದಳು. ಇನ್ನೊಬ್ಬಳು ಮಗುವನ್ನು ಕೊಟ್ಟವಳು ಮುಖ ನೋಡಲಿಲ್ಲ. ನನ್ನ ಮಗಳಿಗೆ ಇನ್ನೊಂದು ತೋಳಿಗೆ ಹಾಕಿಸಿದೆ. ಅಣ್ಣನ ಮಗಳು ಆಗ ಊರಲ್ಲಿರಲಿಲ್ಲ. ಬಿಸಿಲಿಗೆ ಮಗು ಬಾಡಿದೆ ಎಂದು ಭಾಬಿ, ಅಂದರೆ ನನ್ನ ಅತ್ತಿಗೆ, ಅವಳನ್ನು ಕರೆದುಕೊಂಡು ಶಿವಮೊಗ್ಗದ ತವರಿಗೆ ಹೋಗಿದ್ದಳು.

ಎರಡನೇ ಸಲವೂ ಏಳಲಿಲ್ಲ. ದಾಕಿನವರ ಮೇಲೆ ಮೇಲಿನವರಿಗೆ ದೂರು ಹೋಯಿತಂತೆ. ಅಷ್ಟರಲ್ಲೇ ಖಾಲಾಳ ಕಿರಿಯ ಮೊಮ್ಮಗನಿಗೆ ಜ್ವರ ಬಂತು. ಮೂರನೇ ದಿನಕ್ಕೆ ಮುಖದ ಮೇಲೆ ಎದ್ದಿತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ನಾನು ಹೋಗಿ ಹೊಸಿಲಾಚೆ ನಿಂತೆ. ಒಳಗಿನಿಂದ ಖಾಲಾ ಕೂಗಿದಳು:

“ಬಾ, ಬಂದು ನೋಡು. ನಿನ್ನ ದಾಕು ಎಲ್ಲೆಲ್ಲಿ ಎದ್ದಿದೆ ನೋಡ್ಬಾ.”

ಮನೆಗೆ ಬಂದು ಮಗಳ ಹಣೆ ಮುಟ್ಟಿ ನೋಡಿದೆ. ಆಮೇಲೆ ಅದೇ ಚಾಳಿಯಾಯಿತು. ಒಲೆ ಮುಂದಿನಿಂದ ಎದ್ದು ಬಂದು ಮುಟ್ಟುವುದು, ಬಟ್ಟೆ ಒಗೆಯುವಾಗ ಒದ್ದೆ ಕೈಯಲ್ಲೇ ಮುಟ್ಟುವುದು. ಆ ಹುಡುಗ ಮೊನ್ನೆ ಮೊನ್ನೆಯವರೆಗೂ ನನ್ನ ಮಗಳ ಜೊತೆ ನಮ್ಮ ಜಗಲಿಯಲ್ಲೇ ಆಡಿದವನು.

ಭಾಬಿ ತವರಿನಿಂದ ಬಂದಳು. ಹಬ್ಬ ಹತ್ತಿರವಾಗಿತ್ತು. ಇಬ್ಬರು ಹುಡುಗಿಯರಿಗೂ ಒಂದೇ ಥಾನಿನ ಬಟ್ಟೆಯಲ್ಲಿ ಅಂಗಿ ಹೊಲಿಯಲು ಕೂತಿದ್ದೆ. ಮಧ್ಯಾಹ್ನದ ಹೊತ್ತು. ಅಣ್ಣನ ಮಗಳನ್ನು ಕರೆದು ತೋಳಿನ ಅಳತೆಗೆ ದಾರ ಸುತ್ತಿದೆ. “ಮುಟ್ಬೇಡ ಫುಪ್ಪು, ನೋಯುತ್ತೆ” ಎಂದು ಕೈ ಕಿತ್ತುಕೊಂಡಳು. ಅಂಗಿಯ ತೋಳು ಸರಿಸಿ ನೋಡಿದೆ. ನಾಲ್ಕಾಣೆ ಅಗಲದ ಕಪ್ಪು ಹಕ್ಕಳೆ. ಸುತ್ತ ಕೆಂಪಗೆ ಊದಿತ್ತು. ಚೆನ್ನಾಗಿ ಎದ್ದ ದಾಕು.

ಭಾಬಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

“ಎಲ್ಲಿ ಹಾಕಿಸಿದ್ರಿ?” ಎಂದೆ.

“ಶಿವಮೊಗ್ಗದಲ್ಲಿ. ದೊಡ್ಡಾಸ್ಪತ್ರೇಲಿ.”

“ಇಲ್ಲಿ ಹಾಕ್ತಾ ಇರೋವಾಗ ಅಲ್ಲೇಕೆ?”

“ನಿಮ್ಮ ಭಾಯಿನೇ ಕಳಿಸಿದ್ದು. ನನ್ನ ಕೇಳ್ಬೇಡಿ. ಅವರನ್ನೇ ಕೇಳಿ.”

ಕೇಳಬೇಡಿ ಎಂದವಳು ತಾನೇ ಎಲ್ಲ ಹೇಳಿದಳು. ಹೊತ್ತುಕೊಂಡು ಸಾಕಾಗಿತ್ತೇನೋ. ಇಳಿಬಿಸಿಲಿನ ನಮಾಜಿನ ಹೊತ್ತಿಗೆ ಪೆಟ್ಟಿಗೆಯ ಐಸೆಲ್ಲ ಶರಬತ್ತಿಗೆ ಹೋಗುತ್ತಿತ್ತು. ದಾಕಿನ ಡಬ್ಬಿಯನ್ನು ಅಣ್ಣ ನೀರಿನ ಮಡಕೆಯಲ್ಲಿ ಇಳಿಬಿಡುತ್ತಿದ್ದ. ಅಂಗಡಿಯ ತಗಡಿನ ಸೂರಿನ ಕೆಳಗೆ ಆ ನೀರು ಮೈತೊಳೆಯುವಷ್ಟು ಬೆಚ್ಚಗಾಗುತ್ತಿತ್ತು. ಬೆಳಗಿನ ಬಸ್ಸಿಗೆ ಹೊಸ ಐಸು ಬಂದೊಡನೆ ಡಬ್ಬಿ ಮತ್ತೆ ಪೆಟ್ಟಿಗೆಗೆ. ದಾಕಿನವರು ಬರುವಷ್ಟರಲ್ಲಿ ಬೆರಳು ಮರಗಟ್ಟುವಷ್ಟು ತಣ್ಣಗೆ.

ಸಂಜೆ ರೋಜಾ ಬಿಟ್ಟು, ಅಣ್ಣ ಮಸೀದಿಯಿಂದ ಬರುವುದನ್ನೇ ಕಾದು ಅಂಗಡಿಯ ಹಿಂದಕ್ಕೆ ಹೋದೆ. ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

“ಸೋಡಾ ಬೆಚ್ಚಗಾದ್ರೆ ಮತ್ತೆ ಐಸಲ್ಲಿಟ್ರೆ ಅದೇ ಸೋಡಾ ಅಲ್ವಾ ಛೋಟಿ? ಇದೂ ಹಾಗೇ ಅಂದ್ಕೊಂಡೆ. ಖುದಾನ ಆಣೆ.”

“ಮೊದಲ್ನೇ ಸಲ ನೀನು ಹಾಗಂದ್ಕೊಂಡೆ. ಒಪ್ಪಿದೆ. ಒಬ್ಬರದೂ ಏಳ್ಲಿಲ್ಲ, ನಿನಗೆ ಗೊತ್ತಾಯ್ತು, ನಿನ್ನ ಮಗಳನ್ನ ಶಿವಮೊಗ್ಗಕ್ಕೆ ಕಳಿಸ್ದೆ. ಎರಡನೇ ಸಲ ಡಬ್ಬಿ ಮಡಕೆಗೆ ಯಾಕೆ ಹೋಯ್ತು?”

ಅವನು ಬಾಟ್ಲಿಗಳನ್ನು ಜೋಡಿಸತೊಡಗಿದ.

“ಮಸೀದಿಯಲ್ಲಿ ಮಾತು ಕೊಟ್ಟಿದ್ದೆ. ಐಸು ಬರ್ತಾ ಇರೋದೇ ಅರ್ಧ. ಅಷ್ಟು ಜನ ಹಗಲೆಲ್ಲ ಗಂಟ್ಲು ಒಣಗಿಸ್ಕೊಂಡು ಕೂತಿರ್ತಾರೆ. ಅವರಿಗೆ ಬೆಚ್ಚನೆ ನೀರು ಕೊಡ್ಲಾ?”

“ನಾನೂ ಮಾತು ಕೊಟ್ಟಿದ್ದೆ. ಮನೆಮನೆಗೆ ಹೋಗಿ, ನಿನ್ನ ಹೆಸರು ಹೇಳಿ.”

“ಗೊತ್ತು.”

“ನನ್ನ ಮಗಳನ್ನೂ ಭಾಬಿ ಜೊತೆ ಕಳಿಸ್ಬಹುದಿತ್ತು. ಒಂದು ಸೊಂಟದಲ್ಲಿ ಒಂದು ಮಗು, ಇನ್ನೊಂದರಲ್ಲಿ ಇನ್ನೊಂದು. ಭಾರ ಆಗ್ತಿತ್ತಾ?”

“ಕಳಿಸಿದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ.”

ಅವನು ಹೇಳಿದ್ದು ನಿಜ. ಕೇಳುತ್ತಿದ್ದೆ. ಕೇಳಿದರೆ ಹೇಳಬೇಕಾಗುತ್ತಿತ್ತು. ಹೇಳುವುದಕ್ಕಿಂತ ನನ್ನ ಮಗಳು ಸಿಡುಬಿನ ಬೀದಿಯಲ್ಲಿ ಇರುವುದೇ ಅವನಿಗೆ ಸಲೀಸಾಯಿತು. ಎರಡು ಹೆಣ್ಣು ಎನ್ನುತ್ತಿದ್ದ ಬಾಯಿ ಅದೇ. ಗಂಡ ಸತ್ತ ದಿನ ನನ್ನನ್ನು ತಬ್ಬಿಕೊಂಡು ಅತ್ತವನೂ ಅವನೇ. ಹೊಡೆದಿದ್ದರೆ, ಅನ್ನಕ್ಕೆ ಹಂಗಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂಥದ್ದು ತಂಗಿಯಂದಿರು ಎಲ್ಲ ಮನೆಯಲ್ಲೂ ತಡೆದುಕೊಳ್ಳುತ್ತಾರೆ.

“ಆಗಿದ್ದು ಆಯ್ತು” ಎಂದು ಅವನೇ ದನಿ ತಗ್ಗಿಸಿದ. “ನಾಳೆ ಮಗಳನ್ನ ಎತ್ಕೊಂಡು ಶಿವಮೊಗ್ಗಕ್ಕೆ ಹೋಗು. ನಿನ್ನ ಭಾಬಿ ತವರಲ್ಲಿ ಉಳ್ಕೋ. ಹಾಕಿಸ್ಕೊಂಡು ಹಬ್ಬಕ್ಕೆ ಬಾ. ಆದ್ರೆ ಬಾಯಿ ಬಿಡ್ಬೇಡ ಛೋಟಿ. ನನ್ನ ಮರ್ಯಾದೆ ಹೋದ್ರೆ ಈ ಸೂರು ಉಳಿಯಲ್ಲ. ಆಮೇಲೆ ನೀನು ಎಲ್ಲಿಗೆ ಹೋಗ್ತೀಯ, ಯೋಚ್ನೆ ಮಾಡು.”

ನಾನು ಯೋಚನೆ ಮಾಡಿದೆ. ನನ್ನ ಮಗಳು ಬದುಕುತ್ತಾಳೆ. ಖಾಲಾಳ ಮನೆಯಲ್ಲಿ ಇನ್ನಿಬ್ಬರಿದ್ದಾರೆ. ಅದರಾಚೆ ಮನೆಯಲ್ಲಿ ತೊಟ್ಟಿಲ ಮಗು. ಎಲ್ಲರ ತೋಳನ್ನೂ ಹಿಡಿದವಳು ನಾನು. ಅವರನ್ನೆಲ್ಲ ಸತ್ತ ದಾಕಿನ ಮೇಲೆ ಬಿಟ್ಟು ಸುಮ್ಮನೆ ಬಸ್ಸು ಹತ್ತಬೇಕು. ಅಣ್ಣ ಮಾಡಿದ್ದೂ ಅಷ್ಟೇ ತಾನೆ. ಅವನನ್ನು ಬಾಟ್ಲಿಗಳ ನಡುವೆ ಬಿಟ್ಟು ಬಂದುಬಿಟ್ಟೆ. ಅಳು ಬರಲಿಲ್ಲ.

ಮರುದಿನ ನಸುಕಿನ ಸೆಹರಿ ಊಟ ಮುಗಿಸಿ, ಬೆಳಿಗ್ಗೆ ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ದವಾಖಾನೆಗೆ ಹೋದೆ. ದಾಕಿನವರು ಆಗಷ್ಟೇ ಬೀಗ ತೆಗೆಯುತ್ತಿದ್ದರು. ಐಸು ಎಲ್ಲಿಗೆ ಹೋಗುತ್ತಿತ್ತು ಎಂದು ನಿಂತಲ್ಲೇ ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

“ನನ್ನ ಕೈಯೇ ಕೆಟ್ಟಿದೆ ಅಂತ ನಾನೂ ನಂಬಿಬಿಟ್ಟಿದ್ದೆ ತಾಯಿ.”

“ಅದು ಆಮೇಲೆ ಸ್ವಾಮಿ. ಈಗ ಫ್ಲಾಸ್ಕ್ ತಗೊಂಡು ಬಸ್ ಹತ್ತಿ.”

“ತಂದು ಎಲ್ಲಿಡ್ಲಿ?”

“ಇಡೋದೇ ಬೇಡ. ಮಧ್ಯಾಹ್ನದ ಬಸ್ಸಿಗೆ ಬನ್ನಿ. ಇಳೀತಿದ್ದ ಹಾಗೆ ಹಾಕಿ ಮುಗಿಸಿ. ತೋಳೆಲ್ಲ ನಾನು ಸಿದ್ಧ ಮಾಡಿರ್ತೀನಿ.”

ಅವರು ಬಸ್ ಸ್ಟ್ಯಾಂಡಿನ ಕಡೆ ಹೋದರು. ನಾನು ನಮ್ಮ ಬೀದಿಗೆ ವಾಪಸು ಬಂದು ಮೊದಲು ಖಾಲಾಳ ಬಾಗಿಲು ತಟ್ಟಿದೆ. ಒಳಗೆ ಸದ್ದು ಬಂತು, ಕದ ತೆಗೆಯಲಿಲ್ಲ. ಎದುರುಗಡೆ ಅಣ್ಣ ಅಂಗಡಿಯ ಹಲಗೆ ಒಂದೊಂದೇ ತೆಗೆದಿಡುತ್ತಿದ್ದ. ಅವನಿಗೂ, ಬೀದಿಗೂ ಕೇಳುವ ಹಾಗೆ ಕದಕ್ಕೇ ಹೇಳಿದೆ:

“ಖಾಲಾ, ಎರಡು ಸಲ ಹಾಕಿದ್ದೂ ಸತ್ತ ದಾಕು. ನಮ್ಮಣ್ಣ ಅದರ ಐಸು ತೆಗೆದು ಶರಬತ್ತಿಗೆ ಹಾಕ್ದ. ಉಳಿದ ಇಬ್ಬರನ್ನ ಮಧ್ಯಾಹ್ನ ಹೊರಗೆ ಕಳಿಸಿ. ಬೈಯೋದಿದ್ರೆ ಆಮೇಲೆ ಬೈಯಿರಿ.”